ಕನ್ವೆನ್ಷನ್ ಹಾಲ್‌ಗೆ ಬೆಳಕು ಮಾಡುವುದು ಹೇಗೆ: ಮೊದಲ ನಕ್ಷೆಯಿಂದ ಕೊನೆಯ ರಾತ್ರಿಯವರೆಗೆ

ಕೆಲವು ವರ್ಷದ ಹಿಂದೆ ಒಂದು ಮದುವೆಗೆ ಹೋಗಿದ್ದೆ. ಹೊಸ ಕನ್ವೆನ್ಷನ್ ಹಾಲ್. ಹೊಳೆಯುವ ಗ್ರಾನೈಟ್, ಎತ್ತರದ ಸೀಲಿಂಗ್, ಲೆಕ್ಕವಿಲ್ಲದಷ್ಟು ಲೈಟು. ಹುಡುಗಿ ಉಟ್ಟಿದ್ದು ಕುಂಕುಮ ಬಣ್ಣದ ರೇಷ್ಮೆ ಸೀರೆ. ಮಂಟಪಕ್ಕೆ ಬಂದು ಕೂತಾಗ ಅದೇ ಸೀರೆ ಕಂದು ಬಣ್ಣಕ್ಕೆ ತಿರುಗಿದ ಹಾಗೆ ಕಾಣುತ್ತಿತ್ತು. ಅರಿಶಿನ ಹಚ್ಚಿದ ಕೆನ್ನೆಗೆ ಕಳೆಯೇ ಇಲ್ಲ. ಬೆಳಕು ನೇರ ನೆತ್ತಿಯ ಮೇಲೆ ಬೀಳುತ್ತಿದ್ದರಿಂದ ಹುಡುಗ ಹುಡುಗಿ ಇಬ್ಬರ ಕಣ್ಣ ಗುಳಿಯಲ್ಲೂ ಕಪ್ಪು ನೆರಳು. ಮುಂದಿನ ಸಾಲಿನಲ್ಲಿದ್ದ ಅಜ್ಜಿಯೊಬ್ಬರು ಲೈಟು ಕಣ್ಣಿಗೆ ಹೊಡೆಯುತ್ತದೆ ಅಂತ ಧಾರೆ ಮುಗಿಯುವವರೆಗೂ ಸೆರಗು ಅಡ್ಡ ಹಿಡಿದುಕೊಂಡೇ ಕೂತಿದ್ದರು. ಮೊಮ್ಮಗಳ ಮದುವೆ ನೋಡಲು ಬಂದವರು.

ದುಡ್ಡು ಕಡಿಮೆ ಬಿದ್ದು ಹೀಗಾಗಿದ್ದಲ್ಲ. ಸೀಲಿಂಗ್ ಕೆಲಸ ಮುಗಿದ ಮೇಲೆ ಯಾರೋ ಕ್ಯಾಟಲಾಗ್ ಹಿಡಿದು ಫಿಟಿಂಗ್ ಆರಿಸಿದ್ದರು. ಆ ಬೆಳಕಿನ ಕೆಳಗೆ ಯಾರು ಕೂರುತ್ತಾರೆ, ಅವರ ಮುಖ ಯಾರಿಗೆಲ್ಲ ಕಾಣಬೇಕು ಅಂತ ಯಾರೂ ಕೇಳಿರಲಿಲ್ಲ. ಹಾಲ್‌ನ ಲೈಟಿಂಗ್ ಅಂದರೆ ಮೊದಲು ಮುಖದ ಲೈಟಿಂಗ್. ಈ ಲೇಖನದ ಎಲ್ಲ ಹೆಜ್ಜೆಗಳೂ ಅಲ್ಲಿಗೇ ಬಂದು ನಿಲ್ಲುತ್ತವೆ.

2023ರಲ್ಲಿ ದೆಹಲಿಯ ದ್ವಾರಕಾದಲ್ಲಿ ಶುರುವಾದ ಯಶೋಭೂಮಿಯ ಮುಖ್ಯ ಸಭಾಂಗಣದಲ್ಲಿ ಸುಮಾರು 6,000 ಜನ ಕೂರಬಹುದು. ಅಷ್ಟು ದೊಡ್ಡದಕ್ಕೂ ನಮ್ಮ ಊರಿನ 800 ಜನರ ಹಾಲ್‌ಗೂ ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಅವೇ. ನಾನಿಲ್ಲಿ ನಮ್ಮ ಜಿಲ್ಲಾ ಕೇಂದ್ರಗಳಲ್ಲಿ ಈಗ ಏಳುತ್ತಿರುವ ನಡುಗಾತ್ರದ ಹಾಲ್ ಇಟ್ಟುಕೊಂಡು ಹೇಳುತ್ತೇನೆ. ಇವತ್ತು ಮದುವೆ, ನಾಳೆ ಕಂಪನಿಯ ಮೀಟಿಂಗ್, ಮುಂದಿನ ವಾರ ಸೀರೆ ಮೇಳ. ಅಂಥ ಹಾಲ್.

ಹೆಜ್ಜೆ 1: ಹಾಲ್‌ನ ದಿನಚರಿ ಬರೆದುಕೊಳ್ಳಿ

ಫಿಟಿಂಗ್ ಬಗ್ಗೆ ಯೋಚನೆ ಮಾಡುವ ಮೊದಲು ಒಂದು ಹಾಳೆ ತಗೊಳ್ಳಿ. ನಾಲ್ಕು ಕಾಲಂ ಹಾಕಿ: ಎಷ್ಟು ಹೊತ್ತಿಗೆ, ಏನು ನಡೆಯುತ್ತದೆ, ಜನ ಎಲ್ಲಿ ನೋಡುತ್ತಿರುತ್ತಾರೆ, ಕ್ಯಾಮೆರಾ ಇರುತ್ತದಾ.

ಮದುವೆ ದಿನ ಬೆಳಗಿನ ಜಾವವೇ ಹೂವಿನವರು, ಅಡುಗೆಯವರು ಬಂದಿರುತ್ತಾರೆ. ಅವರಿಗೆ ಕೆಲಸದ ಬೆಳಕು ಸಾಕು. ಮುಹೂರ್ತದ ಹೊತ್ತಿಗೆ ಎಲ್ಲರ ಕಣ್ಣೂ ಮಂಟಪದ ಕಡೆ. ಊಟದ ಹೊತ್ತಿಗೆ ಎಲೆಯ ಮೇಲೆ. ಸಂಜೆ ಆರತಕ್ಷತೆಗೆ ವೇದಿಕೆ ಬೆಳಗಬೇಕು, ಸಾಲಿನಲ್ಲಿ ನಿಂತವರ ಮುಖವೂ ಕಾಣಬೇಕು. ಮೀಟಿಂಗ್ ದಿನ ಪರದೆ ಮೇಲಿನ ಅಕ್ಷರ ಓದಬೇಕು, ಜೊತೆಗೆ ಕೈಯಲ್ಲಿರುವ ಹಾಳೆಯಲ್ಲಿ ಬರೆದುಕೊಳ್ಳಲೂ ಆಗಬೇಕು. ಎಲ್ಲ ಮುಗಿದ ಮೇಲೆ ಕಸ ಗುಡಿಸುವವರು ಬರುತ್ತಾರೆ. ಅವರಿಗೆ ಮೂಲೆಮೂಲೆಯೂ ಕಾಣಬೇಕು.

ಹೀಗೆ ಬರೆದರೆ ಆರೋ ಏಳೋ ಸನ್ನಿವೇಶ ಸಿಗುತ್ತವೆ. ಹಾಲ್ ಮಾಲೀಕರ ಜೊತೆ, ಸಾಧ್ಯವಾದರೆ ಊರಿನ ಒಬ್ಬ ಮದುವೆ ಫೋಟೋಗ್ರಾಫರ್ ಜೊತೆ ಕೂತು ಬರೆಯಿರಿ. ಫೋಟೋಗ್ರಾಫರ್‌ಗೆ ಊರಿನ ಅಷ್ಟೂ ಹಾಲ್‌ಗಳ ತಪ್ಪು ಬಾಯಿಪಾಠ ಇರುತ್ತದೆ.

ಹೆಜ್ಜೆ 2: ಎಲ್ಲಿ ಎಷ್ಟು ಬೆಳಕು

ಒಂದು ಜಾಗಕ್ಕೆ ಬೀಳುವ ಬೆಳಕನ್ನು ಲಕ್ಸ್‌ನಲ್ಲಿ ಅಳೆಯುತ್ತಾರೆ. ಎಲ್ಲಿ ಎಷ್ಟು ಇರಬೇಕು ಅನ್ನುವುದಕ್ಕೆ ನಮ್ಮಲ್ಲಿ ಐಎಸ್ 3646 ಅನ್ನುವ ಭಾರತೀಯ ಮಾನದಂಡ ಇದೆ. ಯುರೋಪಿನ ಇಎನ್ 12464 ಮಾನದಂಡವನ್ನೂ ತುಂಬಾ ಜನ ನೋಡುತ್ತಾರೆ. ಅದರ ಪ್ರಕಾರ ಮೀಟಿಂಗ್ ಕೋಣೆಗೆ 500 ಲಕ್ಸ್, ಮೇಳ ನಡೆಯುವ ಹಾಲ್‌ಗೆ 300, ಶೌಚಾಲಯಕ್ಕೆ 200, ಓಡಾಡುವ ಪ್ಯಾಸೇಜಿಗೆ 100, ಅಡುಗೆಮನೆಗೆ 500. ಊಟದ ಹಾಲ್‌ಗೆ ನಾನು 200ರ ಆಸುಪಾಸಿನಲ್ಲಿ ಇಡುತ್ತೇನೆ, ಅದಕ್ಕಿಂತ ಜಾಸ್ತಿ ಬೇಡ. ಮೆಟ್ಟಿಲಿಗೆ ಮಾತ್ರ 100 ಸಾಲದು ಅನ್ನುವುದು ನನ್ನ ಅಭಿಪ್ರಾಯ. ರೇಷ್ಮೆ ಸೀರೆ ಉಟ್ಟು, ಮಗು ಎತ್ತಿಕೊಂಡು ಇಳಿಯುವವರಿಗೆ 150 ಕೊಡಿ.

ಈಗ ಲೆಕ್ಕ. ಹಾಲ್ 30 ಮೀಟರ್ ಉದ್ದ, 20 ಮೀಟರ್ ಅಗಲ ಅಂತ ಇಟ್ಟುಕೊಳ್ಳೋಣ. 600 ಚದರ ಮೀಟರ್. ಒಂದು ಚದರ ಮೀಟರ್‌ಗೆ ಒಂದು ಲ್ಯೂಮೆನ್ ಬೆಳಕು ಬಿದ್ದರೆ ಅದು ಒಂದು ಲಕ್ಸ್. 300 ಲಕ್ಸ್ ಬೇಕೆಂದರೆ ಕೆಳಗೆ ತಲುಪಬೇಕಾದ ಬೆಳಕು 1,80,000 ಲ್ಯೂಮೆನ್. ಆದರೆ ಫಿಟಿಂಗ್‌ನಿಂದ ಹೊರಟಿದ್ದೆಲ್ಲ ಕೆಳಗೆ ಬರುವುದಿಲ್ಲ. ಸ್ವಲ್ಪ ಗೋಡೆಗೆ, ಸೀಲಿಂಗ್‌ಗೆ ಹೋಗುತ್ತದೆ. ತಿಳಿ ಬಣ್ಣದ ಗೋಡೆಯಾದರೆ 0.6 ಅಂತ ಹಿಡಿಯಬಹುದು. ಮುಂದೆ ಧೂಳು ಕೂರುತ್ತದೆ, ಎಲ್‌ಇಡಿಯೂ ಮಂಕಾಗುತ್ತಾ ಹೋಗುತ್ತದೆ, ಅದಕ್ಕೆ 0.8. ಎರಡನ್ನೂ ಗುಣಿಸಿದರೆ 0.48. 1,80,000ವನ್ನು 0.48ರಿಂದ ಭಾಗಿಸಿದರೆ 3,75,000 ಲ್ಯೂಮೆನ್. ಒಂದು ಫಿಟಿಂಗ್ 10,000 ಲ್ಯೂಮೆನ್ ಕೊಟ್ಟರೆ 37.5 ಬಂತು. 40 ಹಾಕಿ. ಉದ್ದಕ್ಕೆ 8, ಅಗಲಕ್ಕೆ 5. ಒಂದು ವ್ಯಾಟ್‌ಗೆ 110 ಲ್ಯೂಮೆನ್ ಕೊಡುವ ಫಿಟಿಂಗ್ ಆದರೆ ಒಟ್ಟು ಸುಮಾರು 3.6 ಕಿಲೋವ್ಯಾಟ್. ಇಡೀ ಹಾಲ್‌ಗೆ ಅಷ್ಟೇ!

ಗೋಡೆ ಮರೂನ್, ಸೀಲಿಂಗ್ ಕಪ್ಪು ಅಂತ ಆರ್ಕಿಟೆಕ್ಟ್ ಆಮೇಲೆ ಮನಸ್ಸು ಬದಲಾಯಿಸಿದರೆ ಆ 0.6 ಕೆಳಗಿಳಿಯುತ್ತದೆ, ಲೆಕ್ಕ ಪೂರ್ತಿ ಉಲ್ಟಾ ಆಗುತ್ತದೆ. ಹಾಗಾಗಿ ಪೇಂಟ್ ಬಣ್ಣ ತೀರ್ಮಾನ ಆದ ಮೇಲೆಯೇ ಫಿಟಿಂಗ್ ಆರ್ಡರ್ ಕೊಡಿ. ಕೈಲೆಕ್ಕ ಅಂದಾಜಿಗೆ ಸರಿ. ಕೊನೆಯ ತೀರ್ಮಾನಕ್ಕೆ ಡಯಾಲಕ್ಸ್‌ನಂಥ ಸಾಫ್ಟ್‌ವೇರ್‌ನಲ್ಲಿ ಹಾಕಿ ನೋಡಿ. ಅದು ಪುಕ್ಕಟೆ ಸಿಗುತ್ತದೆ.

ಹೆಜ್ಜೆ 3: ಬಣ್ಣ. ಕುಂಕುಮ, ಅರಿಶಿನ, ವೀಳ್ಯದೆಲೆ ಇಟ್ಟು ನೋಡಿ

ಇಲ್ಲಿ ಎರಡು ವಿಷಯ ಇವೆ, ಜನ ಒಂದಕ್ಕೊಂದು ಬೆರೆಸಿಬಿಡುತ್ತಾರೆ.

ಮೊದಲನೆಯದು ಬೆಳಕು ಹಳದಿಯೋ ಬಿಳಿಯೋ ಅನ್ನುವುದು. ಇದನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. 3000 ಅಂದರೆ ವಾರ್ಮ್ ವೈಟ್, 4000 ಅಂದರೆ ನಡುವಿನದು, 6500 ಅಂದರೆ ನೀಲಿ ಮಿಶ್ರಿತ ಬಿಳಿ. ನಮ್ಮಲ್ಲಿ 'ಜಾಸ್ತಿ ಬೆಳಕು ಬರುತ್ತೆ' ಅಂತ 6500 ಹಾಕಿಸುವ ಅಭ್ಯಾಸ ಇದೆ. ದಯವಿಟ್ಟು ಹಾಲ್‌ನೊಳಗೆ ಅದು ಬೇಡ. ನಮ್ಮ ಮೈಬಣ್ಣ, ಚಿನ್ನ, ರೇಷ್ಮೆ, ಸಾರು, ಹೋಳಿಗೆ ಯಾವುದೂ ಅದರಲ್ಲಿ ಚೆನ್ನಾಗಿ ಕಾಣುವುದಿಲ್ಲ. ಊಟದ ಹಾಲ್, ವೇದಿಕೆ, ಮೊಗಸಾಲೆಗೆ 3000. ಮೀಟಿಂಗ್ ಕೋಣೆ, ಅಡುಗೆಮನೆಗೆ 4000. ಬಜೆಟ್ ಇದ್ದರೆ ಮುಖ್ಯ ಹಾಲ್‌ಗೆ 3000ದಿಂದ 4000ಕ್ಕೆ ಬದಲಾಯಿಸಬಹುದಾದ ಫಿಟಿಂಗ್ ಹಾಕಿ.

ಎರಡನೆಯದು, ಆ ಬೆಳಕಿನಲ್ಲಿ ವಸ್ತುವಿನ ಬಣ್ಣ ನಿಜವಾಗಿ ಕಾಣುತ್ತದಾ ಅನ್ನುವುದು. ಇದಕ್ಕೆ ಸಿಆರ್‌ಐ ಅನ್ನುವ ಅಂಕಿ, 100 ಅಂದರೆ ಪೂರ್ತಿ. ಮಾರುವವರು 'ಸಿಆರ್‌ಐ 80 ಇದೆ ಸಾರ್, ಸಾಕು' ಅನ್ನುತ್ತಾರೆ. ಆ ಅಂಕಿ ಎಂಟು ತಿಳಿ ಬಣ್ಣಗಳ ಸರಾಸರಿ. ಕಡುಗೆಂಪು ಆ ಎಂಟರಲ್ಲಿ ಇಲ್ಲವೇ ಇಲ್ಲ. ಕೆಂಪಿನ ಅಂಕಿಯನ್ನು ಆರ್9 ಅಂತ ಬೇರೆಯೇ ಕೇಳಬೇಕು. ಸಿಆರ್‌ಐ 80 ಇದ್ದೂ ಆರ್9 ಸೊನ್ನೆಯ ಹತ್ತಿರ ಇರುವ ಫಿಟಿಂಗ್‌ಗಳಿವೆ. ಆ ಹುಡುಗಿಯ ಸೀರೆಗೆ ಆಗಿದ್ದು ಇದೇ. ಕೆಂಪು ಸೀರೆಯ ನಾಡಿನಲ್ಲಿ ಇದನ್ನು ಬಿಟ್ಟುಕೊಡಬೇಡಿ. ವೇದಿಕೆಗೂ ಊಟದ ಹಾಲ್‌ಗೂ ಸಿಆರ್‌ಐ 90ಕ್ಕಿಂತ ಮೇಲೆ, ಆರ್9 ಕನಿಷ್ಠ 50 ಅಂತ ಟೆಂಡರ್‌ನಲ್ಲೇ ಬರೆಸಿ.

ನಾನು ಮಾಡುವ ಪರೀಕ್ಷೆ ಇಷ್ಟೇ. ಮೂರು ಕಂಪನಿಯ ಸ್ಯಾಂಪಲ್ ತರಿಸುತ್ತೇನೆ. ಕತ್ತಲಾದ ಮೇಲೆ ಸೈಟಿನಲ್ಲೇ ತೂಗು ಹಾಕುತ್ತೇನೆ. ಕೆಳಗೆ ಒಂದು ಸ್ಟೀಲ್ ತಟ್ಟೆ: ಒಂದು ಕಡೆ ಕುಂಕುಮ, ಇನ್ನೊಂದು ಕಡೆ ಅರಿಶಿನ, ನಡುವೆ ನಾಲ್ಕು ವೀಳ್ಯದೆಲೆ. ಪಕ್ಕದಲ್ಲಿ ಇಳಕಲ್ ಸೀರೆಯ ಸೆರಗು. ಕೆಟ್ಟ ಲೈಟಿನ ಕೆಳಗೆ ಕುಂಕುಮ ಇಟ್ಟಿಗೆ ಪುಡಿ ಹಾಗೆ ಕಾಣುತ್ತದೆ. ಒಳ್ಳೆಯ ಲೈಟು ಬಂದ ಕೂಡಲೇ ಅದು ತಟ್ಟೆಯಿಂದ ಎದ್ದು ಬಂದ ಹಾಗಿರುತ್ತದೆ. ಮಾಲೀಕರನ್ನೂ ಅವರ ಮನೆಯವರನ್ನೂ ಕರೆದು ತಟ್ಟೆಯ ಮೇಲೆ ಕೈ ಚಾಚಿ ಅಂತ ಹೇಳುತ್ತೇನೆ. ತಮ್ಮದೇ ಕೈಯ ಬಣ್ಣ ನೋಡಿಕೊಂಡ ಮೇಲೆ ರೇಟಿನ ಚೌಕಾಸಿ ತಾನಾಗಿ ಕಡಿಮೆಯಾಗುತ್ತದೆ.

ಹೆಜ್ಜೆ 4: ಎತ್ತರ ಮತ್ತು ಕಣ್ಣಿಗೆ ಹೊಡೆಯುವ ಬೆಳಕು

ಸ್ಪಾಟ್ ಲೈಟಿನ ಬೆಳಕು ದೂರ ಹೋದಷ್ಟೂ ಬೇಗ ಕರಗುತ್ತದೆ. 5 ಮೀಟರ್ ಕೆಳಗೆ 400 ಲಕ್ಸ್ ಕೊಡುವ ಸ್ಪಾಟ್, 10 ಮೀಟರ್ ಕೆಳಗೆ ಬರೀ 100 ಕೊಡುತ್ತದೆ. ಎತ್ತರ ಎರಡು ಪಟ್ಟಾದರೆ ಬೆಳಕು ಕಾಲು ಭಾಗ. ಹಾಗಾಗಿ 3 ಮೀಟರ್ ಸೀಲಿಂಗ್‌ನಲ್ಲಿ ಚೆನ್ನಾಗಿ ಕಂಡ ಡೌನ್‌ಲೈಟನ್ನು 9 ಮೀಟರ್ ಮೇಲೆ ಹಾಕಿ ಅದೇ ಬೆಳಕು ಬಯಸಬೇಡಿ. ಎತ್ತರದ ಸೀಲಿಂಗ್‌ಗೆ ಕಿರಿದಾದ ಬೀಮ್ ಬೇಕು. 9 ಮೀಟರ್ ಎತ್ತರದಿಂದ 24 ಡಿಗ್ರಿಯ ಬೀಮ್ ನೆಲದ ಮೇಲೆ ಸುಮಾರು 3.8 ಮೀಟರ್ ವೃತ್ತ ಮಾಡುತ್ತದೆ. 60 ಡಿಗ್ರಿಯದು 10 ಮೀಟರ್ ದಾಟುತ್ತದೆ, ಗೋಡೆಗೆ ಹೋಗಿ ಹಾಳಾಗುತ್ತದೆ.

ಇನ್ನು ಕಣ್ಣು. ಬಲ್ಬು ಫಿಟಿಂಗ್‌ನ ಒಳಗೆ ಆಳವಾಗಿ ಕೂತಿರಲಿ. ಕುರ್ಚಿಯಲ್ಲಿ ಕೂತು ವೇದಿಕೆ ನೋಡುವವರಿಗೆ ಬೆಳಕು ಕಾಣಬೇಕು, ಬಲ್ಬು ಕಾಣಬಾರದು. ಮೀಟಿಂಗ್ ಕೋಣೆಯ ಫಿಟಿಂಗ್ ಆರಿಸುವಾಗ ಯುಜಿಆರ್ ಅನ್ನುವ ಅಂಕಿ 19ಕ್ಕಿಂತ ಕೆಳಗಿರಲಿ. ಬೆಳಕು ಕಣ್ಣಿಗೆ ಎಷ್ಟು ಹೊಡೆಯುತ್ತದೆ ಅಂತ ಹೇಳುವ ಅಂಕಿ ಅದು. ಮದುವೆ ಹಾಲ್‌ನಲ್ಲಿ ಇನ್ನೊಂದು ವಿಷಯ ಇದೆ, ಯಾವ ಪುಸ್ತಕದಲ್ಲೂ ನಾನು ನೋಡಿಲ್ಲ. ಅಮ್ಮಂದಿರ ಮಡಿಲಲ್ಲಿ ಮಲಗಿದ ಕೂಸುಗಳು ನೇರ ಸೀಲಿಂಗ್ ನೋಡುತ್ತಿರುತ್ತವೆ. ಅವಕ್ಕೆ ಮುಖ ತಿರುಗಿಸಿಕೊಳ್ಳಲೂ ಬರುವುದಿಲ್ಲ. ಹಾಲ್‌ನ ಹಿಂದಿನ ಎರಡು ಮೂರು ಸಾಲಿನ ಮೇಲೆ ಡೌನ್‌ಲೈಟ್ ಬಿಟ್ಟು ಕೋವ್ ಲೈಟ್ ಕೊಡಿ, ಅಂದರೆ ಸೀಲಿಂಗ್ ಅಂಚಿನಲ್ಲಿ ಅಡಗಿಸಿಟ್ಟ ಲೈಟು. ಅಳುವ ಮಕ್ಕಳನ್ನು ಎತ್ತಿಕೊಂಡವರು ಅಲ್ಲೇ ತಾನೇ ಕೂರುವುದು?

ಹೆಜ್ಜೆ 5: ವೇದಿಕೆ

ಸಮಯ, ದುಡ್ಡು ಎರಡೂ ಇಲ್ಲಿ ಹಾಕಿ.

ನೆತ್ತಿಯ ಮೇಲಿಂದ ಬೀಳುವ ಬೆಳಕು ಮುಖಕ್ಕೆ ಶತ್ರು. ಹುಬ್ಬು, ಮೂಗು, ಗಲ್ಲದ ಕೆಳಗೆಲ್ಲ ನೆರಳು ಕೂರುತ್ತದೆ. ಮುಖಕ್ಕೆ ಬೆಳಕು ಎದುರಿನಿಂದ, ಸುಮಾರು 45 ಡಿಗ್ರಿ ಮೇಲಿನಿಂದ ಬರಬೇಕು. ಅಂದರೆ ಲೈಟು ವೇದಿಕೆಯ ಮೇಲೆ ಇರುವುದಿಲ್ಲ, ಜನರ ತಲೆಯ ಮೇಲೆ ಇರುತ್ತದೆ. ವೇದಿಕೆ 0.9 ಮೀಟರ್ ಎತ್ತರ, ನಿಂತವರ ಮುಖ ಅದರ ಮೇಲೆ 1.6 ಮೀಟರ್. ನೆಲದಿಂದ 2.5 ಮೀಟರ್ ಆಯಿತು. ಲೈಟು ಕಟ್ಟುವ ಬಾರ್ 7 ಮೀಟರ್ ಎತ್ತರದಲ್ಲಿದ್ದರೆ ವ್ಯತ್ಯಾಸ 4.5 ಮೀಟರ್. 45 ಡಿಗ್ರಿ ಬೇಕೆಂದರೆ ಬಾರ್ ಕೂಡ ಭಾಷಣ ಮಾಡುವವರಿಂದ 4.5 ಮೀಟರ್ ಮುಂದೆ ಬರಬೇಕು. ಅಲ್ಲಿಂದ 24 ಡಿಗ್ರಿ ಬೀಮ್ ಮುಖದ ಹತ್ತಿರ 2.7 ಮೀಟರ್ ಅಗಲ ಹರಡುತ್ತದೆ. 12 ಮೀಟರ್ ವೇದಿಕೆಗೆ ಐದಾರು ಲೈಟು ಬೇಕು.

ಮದುವೆಗೆ ಇದು ಸಾಲುವುದಿಲ್ಲ. ಮಂಟಪಕ್ಕೆ ಮೇಲೆ ಹೂವಿನ ಚಪ್ಪರ ಇರುತ್ತದೆ, ಮುಂದೆ ತೋರಣ ಇಳಿಬಿದ್ದಿರುತ್ತದೆ. 45 ಡಿಗ್ರಿಯ ಬೆಳಕು ಆ ಹೂವಿಗೇ ಬಡಿದು ನಿಲ್ಲುತ್ತದೆ. ಒಳಗೆ ಮಣೆ ಮೇಲೆ ಕೂತವರು ಕತ್ತಲಲ್ಲಿ! ಅವರ ಮುಖ ನೆಲದಿಂದ ಒಂದೂವರೆ ಮೀಟರ್ ಆಸುಪಾಸು ಅಷ್ಟೇ. ಆದ್ದರಿಂದ 30 ಡಿಗ್ರಿಯಲ್ಲಿ ತೋರಣದ ಕೆಳಗಿಂದ ನುಸುಳುವ ಬೆಳಕು ಬೇಕು. ಅದಕ್ಕೆ ಮಣೆಯಿಂದ ಒಂಬತ್ತೂವರೆ ಮೀಟರ್ ಮುಂದೆ, ಜನರ ತಲೆಯ ಮೇಲೆ ಎರಡನೇ ಬಾರ್ ಕೊಡಿ. ಈ ಎರಡನೇ ಬಾರ್‌ಗೆ ಕೊಕ್ಕೆಯನ್ನೂ ಪೈಪನ್ನೂ ಸ್ಲ್ಯಾಬ್ ಹಾಕುವಾಗಲೇ ಬಿಡಿಸಿಕೊಳ್ಳಬೇಕು. ಸೀಲಿಂಗ್ ಮುಗಿದ ಮೇಲೆ ಕೇಳಿದರೆ ಪಿಒಪಿ ಒಡೆಯಬೇಕಾಗುತ್ತದೆ.

ಎದುರಿನ ಬೆಳಕನ್ನು ಒಂದೇ ಕಡೆಯಿಂದ ಕೊಡಬೇಡಿ. ಎಡ, ಬಲ ಎರಡೂ ಕಡೆಯಿಂದ ಬರಲಿ, ಒಂದು ಬದಿ ಸ್ವಲ್ಪ ಜಾಸ್ತಿ ಇರಲಿ. ಹಿಂದಿನಿಂದ ಭುಜ, ಕೂದಲಿನ ಮೇಲೆ ಸಣ್ಣ ಬೆಳಕು ಇಟ್ಟರೆ ಜನ ಬ್ಯಾಕ್‌ಡ್ರಾಪ್‌ಗೆ ಅಂಟಿಕೊಂಡ ಹಾಗೆ ಕಾಣುವುದಿಲ್ಲ. ವಿಡಿಯೋ ತೆಗೆಯುವುದಾದರೆ ಮುಖದ ಮೇಲೆ 750ರಿಂದ 1,000 ಲಕ್ಸ್ ಸಿಗಲಿ. ಅಳೆಯುವಾಗ ಲಕ್ಸ್ ಮೀಟರನ್ನು ನೆಲದ ಮೇಲೆ ಇಡಬೇಡಿ. ಮುಖದ ಎತ್ತರದಲ್ಲಿ ಜನರ ಕಡೆ ತಿರುಗಿಸಿ ನೆಟ್ಟಗೆ ಹಿಡಿಯಿರಿ.

ಪರದೆಯ ಮೇಲೆ ಯಾವ ಲೈಟೂ ಚೆಲ್ಲಬಾರದು. ಪರದೆಯ ಮುಂದಿನ ಮೊದಲ ಸಾಲು ಡೌನ್‌ಲೈಟ್‌ಗೆ ಬೇರೆ ಸ್ವಿಚ್ ಇರಲೇಬೇಕು. ಎಷ್ಟೋ ಹಾಲ್‌ಗಳಲ್ಲಿ ಇದೊಂದು ಇಲ್ಲದೆ, ಪ್ರೊಜೆಕ್ಟರ್ ಹಾಕಿದಾಗ ಇಡೀ ಹಾಲ್ ಕತ್ತಲು ಮಾಡುತ್ತಾರೆ. ಊಟ ಆದ ಮೇಲಿನ ಭಾಷಣ ಆದರೆ ಅರ್ಧ ಜನ ನಿದ್ದೆ ಹೋಗುತ್ತಾರೆ.

ಹೆಜ್ಜೆ 6: ಡಿಮ್ಮಿಂಗ್, ಗುಂಡಿಗಳು, ಮಿನುಗು

ಹಾಲ್‌ನ ಲೈಟುಗಳನ್ನು ಏರಿಸಿ ಇಳಿಸಲು ಡಾಲಿ ಅನ್ನುವ ಪದ್ಧತಿ ಒಳ್ಳೆಯದು. ಒಂದು ಡಾಲಿ ಲೈನ್‌ನಲ್ಲಿ 64 ಡ್ರೈವರ್‌ಗಳಿಗೆ (ಎಲ್‌ಇಡಿಗೆ ಕರೆಂಟು ಹೊಂದಿಸಿಕೊಡುವ ಪೆಟ್ಟಿಗೆ) ಬೇರೆಬೇರೆ ವಿಳಾಸ ಕೊಡಬಹುದು, 16 ಸೀನ್, ಅಂದರೆ ಯಾವ ಲೈಟು ಎಷ್ಟು ಬೆಳಗಬೇಕು ಅನ್ನುವ ಹೊಂದಿಕೆ, ನೆನಪಿಡಬಹುದು. ಲೈನ್ ಉದ್ದ 300 ಮೀಟರ್ ದಾಟಬಾರದು. ನಮ್ಮ ಲೆಕ್ಕದ 40 ಫಿಟಿಂಗ್ ಒಂದೇ ಲೈನ್‌ಗೆ ಸಾಕು. ವೇದಿಕೆಯ ಬಣ್ಣದ ಲೈಟಿಗೆ ಡಿಎಂಎಕ್ಸ್ ಅನ್ನುವ ಬೇರೆಯೇ ಪದ್ಧತಿ ಇರಲಿ. ಆರ್ಕೆಸ್ಟ್ರಾದವರು ತಮ್ಮ ಬೋರ್ಡ್ ತಂದು ಅದಕ್ಕೆ ಜೋಡಿಸಿಕೊಳ್ಳುತ್ತಾರೆ.

ಗೋಡೆಯ ಮೇಲೆ ಗುಂಡಿಗಳು ಮಾತ್ರ ಸರಳವಾಗಿರಲಿ. ಮೊದಲ ಹೆಜ್ಜೆಯ ಹಾಳೆ ತೆಗೆಯಿರಿ. 'ಮುಹೂರ್ತ', 'ಆರತಕ್ಷತೆ', 'ಊಟ', 'ಸಭೆ', 'ಪರದೆ', 'ಸ್ವಚ್ಛತೆ' ಅಂತ ಕನ್ನಡದಲ್ಲೇ ಬರೆಸಿ. ರಾತ್ರಿ ಹನ್ನೊಂದಕ್ಕೆ ಹಾಲ್ ನೋಡಿಕೊಳ್ಳುವ ಹುಡುಗನಿಗೆ ಸೀನ್ 1, ಸೀನ್ 2 ಅಂದರೆ ಏನು ಗೊತ್ತಾಗಬೇಕು? ಅವನು ಎಲ್ಲ ಎಂಸಿಬಿ ಎತ್ತಿಬಿಡುತ್ತಾನೆ. ತಪ್ಪು ಅವನದಲ್ಲ.

ಮಿನುಗಿನ ವಿಷಯ. ನಮ್ಮ ಕರೆಂಟು 50 ಹರ್ಟ್ಜ್. ಅಗ್ಗದ ಡ್ರೈವರ್ ಇದ್ದರೆ ಲೈಟು ಸೆಕೆಂಡಿಗೆ 100 ಸಲ ಏರಿಳಿಯುತ್ತದೆ. ಕಣ್ಣಿಗೆ ತಿಳಿಯದೇ ಇರಬಹುದು, ತಲೆನೋವು ಬರಬಹುದು, ವಿಡಿಯೋದಲ್ಲಿ ಮಾತ್ರ ಕಪ್ಪು ಪಟ್ಟೆಗಳು ಹರಿದಾಡುತ್ತವೆ. ಸ್ಯಾಂಪಲ್ ಬಂದ ದಿನವೇ ಮೊಬೈಲಿನ ಸ್ಲೋ ಮೋಷನ್‌ನಲ್ಲಿ ವಿಡಿಯೋ ತೆಗೆದು ನೋಡಿ. ಪೂರ್ತಿ ಬೆಳಕಿನಲ್ಲಿ ಒಮ್ಮೆ, ಕಾಲು ಭಾಗಕ್ಕೆ ಇಳಿಸಿ ಇನ್ನೊಮ್ಮೆ. ಪೂರ್ತಿ ಇದ್ದಾಗ ಚೆನ್ನಾಗಿದ್ದು ಇಳಿಸಿದಾಗ ಪಟ್ಟೆ ಬರುವ ಡ್ರೈವರ್‌ಗಳು ಜಾಸ್ತಿ.

ಡೆಕೋರೇಷನ್‌ನವರಿಗೂ ಸೌಂಡ್‌ನವರಿಗೂ ವೇದಿಕೆ ಪಕ್ಕ ಬೇರೆಬೇರೆ ಡಿಬಿ (ಕರೆಂಟು ಹಂಚುವ ಪೆಟ್ಟಿಗೆ) ಕೊಡಿ. ಒಂದೇ ಕಡೆಯಿಂದ ಎಳೆದರೆ ಸ್ಪೀಕರ್‌ನಲ್ಲಿ ಗುಂಯ್ ಅನ್ನುವ ಸದ್ದು ಸೇರಿಕೊಳ್ಳುತ್ತದೆ.

ಹೆಜ್ಜೆ 7: ಮೊಗಸಾಲೆ ಮತ್ತು ಹೊರಗಡೆ

ಮಧ್ಯಾಹ್ನದ ಬಿಸಿಲು ಒಂದು ಲಕ್ಷ ಲಕ್ಸ್ ಹತ್ತಿರ ಇರುತ್ತದೆ. ಅದರಿಂದ 100 ಲಕ್ಸ್ ಮೊಗಸಾಲೆಗೆ ಕಾಲಿಟ್ಟವರಿಗೆ ಕ್ಷಣ ಕಾಲ ಏನೂ ಕಾಣುವುದಿಲ್ಲ. ವಯಸ್ಸಾದವರಿಗೆ ಇನ್ನೂ ಹೊತ್ತು ಹಿಡಿಯುತ್ತದೆ, ಮೊದಲ ಮೆಟ್ಟಿಲಲ್ಲೇ ಎಡವುತ್ತಾರೆ. ಹಾಗಾಗಿ ಮೊಗಸಾಲೆಗೆ ಹಗಲು ಜಾಸ್ತಿ ಬೆಳಕು, ರಾತ್ರಿ ಕಡಿಮೆ. ಬಹಳ ಜನ ಇದನ್ನು ಉಲ್ಟಾ ಮಾಡಿರುತ್ತಾರೆ.

ಗಾಜಿನ ಗೋಡೆ ಇಡುವುದಾದರೆ ಪಶ್ಚಿಮಕ್ಕೆ ಬೇಡ. ಸಂಜೆ ಬಿಸಿಲು ಅಡ್ಡವಾಗಿ ಒಳಗೆ ನುಗ್ಗುತ್ತದೆ, ಆರತಕ್ಷತೆಯ ಹೊತ್ತಿಗೆ ಕಾವು ಬೇರೆ. ಉತ್ತರಕ್ಕೆ ಇಟ್ಟರೆ ಬಿಸಿಲೇ ಬರುವುದಿಲ್ಲ ಅನ್ನುವುದೂ ಪೂರ್ತಿ ನಿಜ ಅಲ್ಲ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಉತ್ತರದ ಗಾಜಿಗೂ ಒಂದು ಸಣ್ಣ ಸಜ್ಜೆ ಬೇಕು.

ಹೊರಗಿನ ಲೈಟಿಂಗ್ ಅಂದ ಕೂಡಲೇ ಮಾಲೀಕರು 'ಮೈಸೂರು ಅರಮನೆ ಹಾಗೆ' ಅನ್ನುತ್ತಾರೆ. ಅರಮನೆಯಲ್ಲಿ ಒಂದು ಲಕ್ಷಕ್ಕೆ ಹತ್ತಿರ ಬಲ್ಬು ಗುಮ್ಮಟ, ಕಮಾನಿನ ಅಂಚನ್ನು ಹಿಡಿದು ಸಾಗುತ್ತವೆ. ಆ ಅಂಚು ಅಷ್ಟು ಸುಂದರ ಇರುವುದಕ್ಕೇ ಅದು ಸೊಗಸು. ಚೌಕದ ಗಾಜಿನ ಕಟ್ಟಡಕ್ಕೆ ಅಂಚು ಹಿಡಿದು ಸ್ಟ್ರಿಪ್ ಹಾಕಿದರೆ ಪೆಟ್ಟಿಗೆಯ ಚಿತ್ರ ಬರೆದ ಹಾಗಾಗುತ್ತದೆ. ಅಂಥ ಕಟ್ಟಡಕ್ಕೆ ಒಳಗಿನ ಸೀಲಿಂಗ್ ಬೆಳಗಿಸಿ, ಗಾಜಿನಿಂದ ಆ ಬೆಳಕು ಹೊರಗೆ ಸೂಸಲಿ. ಬಾಗಿಲು ಎಲ್ಲಿದೆ ಅಂತ ರಸ್ತೆಯಿಂದಲೇ ತಿಳಿಯಬೇಕು. ಆಕಾಶಕ್ಕೆ ಬೆಳಕು ಚೆಲ್ಲಬೇಡಿ.

ನೀರು, ಧೂಳು ಎಷ್ಟು ತಡೆಯುತ್ತದೆ ಅಂತ ಐಪಿ ಅಂಕಿ ಹೇಳುತ್ತದೆ. ಹೊರಗಿನ ಫಿಟಿಂಗ್ ಐಪಿ65, ನೆಲದಲ್ಲಿ ಹೂಳುವುದಾದರೆ ಐಪಿ67. ಸಿಡಿಲಿನ ಹೊಡೆತಕ್ಕೆ ಡಿಬಿಯಲ್ಲಿ ಸರ್ಜ್ ಪ್ರೊಟೆಕ್ಟರ್. ಮೊದಲ ಮಳೆ ಬಿದ್ದ ಸಂಜೆ ರೆಕ್ಕೆಯ ಗೆದ್ದಲು ಹೇಗೆ ಮುತ್ತುತ್ತವೆ ಅಂತ ಗೊತ್ತಲ್ವಾ? ಬಿಳಿ ಲೈಟಿಗಿಂತ ವಾರ್ಮ್ ಲೈಟಿಗೆ ಅವು ಬರುವುದು ಕಡಿಮೆ. ಬಾಗಿಲ ಮೇಲೆಯೇ ಲೈಟು ಇಡದೆ ನಾಲ್ಕಾರು ಮೀಟರ್ ದೂರ ಇಟ್ಟರೆ ಪಾಯಸದೊಳಗೆ ಹುಳ ಬೀಳುವುದು ತಪ್ಪುತ್ತದೆ.

ಹೆಜ್ಜೆ 8: ಕರೆಂಟು ಹೋದಾಗ

2016ರ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ಕರೆಂಟು ಹೋದ 5 ಸೆಕೆಂಡಿನಲ್ಲಿ ತುರ್ತು ದೀಪ ಹತ್ತಬೇಕು. ಹೊರಹೋಗುವ ದಾರಿಯ ನಡುವೆ ಕನಿಷ್ಠ 10 ಲಕ್ಸ್ ಇರಬೇಕು. 90 ನಿಮಿಷ ಉರಿಯಬೇಕು. ಜನರೇಟರ್ ಇದೆಯಲ್ಲ ಅನ್ನಬೇಡಿ. ಅದು ಶುರುವಾಗಿ ಲೋಡ್ ಹಿಡಿಯುವಷ್ಟರಲ್ಲಿ ಸಾವಿರ ಜನ ಕತ್ತಲಲ್ಲಿ ಎದ್ದು ನಿಂತಿರುತ್ತಾರೆ. ಈ ದೀಪಗಳು ಬ್ಯಾಟರಿಯ ಮೇಲೆಯೇ ಇರಬೇಕು.

ನಿರ್ಗಮನ ಫಲಕದ ಮೇಲೆ ಡೆಕೋರೇಷನ್‌ನವರು ಬಟ್ಟೆ ಎಳೆದು ಮುಚ್ಚುವುದನ್ನು ಎಷ್ಟೋ ಸಲ ಕಣ್ಣಾರೆ ನೋಡಿದ್ದೇನೆ. ಹಸಿರು ಬೆಳಕು ಫೋಟೋದಲ್ಲಿ ಬರುತ್ತದೆ ಅಂತ. ಅದಕ್ಕೆ ಬಾಗಿಲ ಸುತ್ತ ಬಟ್ಟೆ ಕಟ್ಟಲು ನಾವೇ ಕೊಕ್ಕೆ ಕೊಡುತ್ತೇವೆ, ಫಲಕಕ್ಕಿಂತ ಒಂದಡಿ ಕೆಳಗೆ. ಕೊಕ್ಕೆ ಸಿಕ್ಕಿದರೆ ಅವರು ಅಲ್ಲೇ ಕಟ್ಟುತ್ತಾರೆ.

ಹೆಜ್ಜೆ 9: ಕೆಟ್ಟ ಲೈಟು ಯಾರು ಬದಲಾಯಿಸುತ್ತಾರೆ

50,000 ಗಂಟೆ ಬಾಳಿಕೆ ಅಂತ ಪೆಟ್ಟಿಗೆ ಮೇಲೆ ಬರೆದಿದ್ದರೆ, ಅಷ್ಟು ಹೊತ್ತಿಗೆ ಬೆಳಕು ಶೇ. 30 ಇಳಿದಿರುತ್ತದೆ ಅಂತ ಸಾಮಾನ್ಯವಾಗಿ ಅರ್ಥ. ಅದಕ್ಕಿಂತ ಮೊದಲು ಕೈಕೊಡುವುದು ಡ್ರೈವರ್, ಸೀಲಿಂಗ್ ಮೇಲಿನ ಕಾವಿಗೆ. ಡ್ರೈವರ್‌ಗಳನ್ನು ಆದಷ್ಟು ಕ್ಯಾಟ್‌ವಾಕ್ (ಸೀಲಿಂಗ್ ಮೇಲೆ ಓಡಾಡುವ ಕಿರುದಾರಿ) ಪಕ್ಕ ತಂದು ಕೂರಿಸಿ. ಕ್ಯಾಟ್‌ವಾಕ್ ಇಲ್ಲದ ಹಾಲ್‌ಗೆ ಸಿಸರ್ ಲಿಫ್ಟ್ (ಆಳನ್ನು ಮೇಲೆತ್ತುವ ಗಾಲಿಯ ಯಂತ್ರ) ಒಳಗೆ ಬರುವಷ್ಟು ಅಗಲದ ಬಾಗಿಲು ಇದೆಯಾ, ಗ್ರಾನೈಟ್ ಅದರ ತೂಕ ತಡೆಯುತ್ತದಾ ಅಂತ ಮೊದಲೇ ನೋಡಿ. ಶೇ. 5ರಷ್ಟು ಫಿಟಿಂಗ್ ಅದೇ ಬ್ಯಾಚಿನದ್ದು ಜಾಸ್ತಿ ತರಿಸಿ ಇಟ್ಟುಕೊಳ್ಳಿ. ಎರಡು ವರ್ಷದ ಮೇಲೆ ತಂದ ಫಿಟಿಂಗ್‌ನ ಬಿಳುಪು ಬೇರೆಯೇ ಇರುತ್ತದೆ, ಸಾಲಿನಲ್ಲಿ ಎದ್ದು ಕಾಣುತ್ತದೆ.

ಹೆಜ್ಜೆ 10: ಕೊನೆಯ ರಾತ್ರಿ

ಎಲ್ಲ ಹಾಕಿ ಆದ ಮೇಲೆ ಒಂದು ಪೂರ್ತಿ ರಾತ್ರಿ ಬೇಕು. ಇದನ್ನು ಬಿಟ್ಟರೆ ಮೊದಲ ಒಂಬತ್ತು ಹೆಜ್ಜೆ ವ್ಯರ್ಥ. ಉದ್ಘಾಟನೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ, ವಾರ ಮೊದಲೇ ಮಾಡಿ.

ವೇದಿಕೆಯ ಮೇಲೆ ಒಬ್ಬರನ್ನು ನಿಲ್ಲಿಸಿ. ಇನ್ನೊಬ್ಬರು ಲಿಫ್ಟ್ ಮೇಲೆ. ಒಂದೊಂದೇ ಸ್ಪಾಟ್ ಹಚ್ಚಿ, ಮುಖಕ್ಕೆ ಗುರಿಯಿಟ್ಟು, ಸ್ಕ್ರೂ ಬಿಗಿ ಮಾಡಿ, ಆರಿಸಿ. ಮುಂದಿನದು. ಆಮೇಲೆ ಒಂದು ಹೂವಿನ ಚಪ್ಪರ ಕಟ್ಟಿಸಿ, ಕೆಳಗೆ ಇಬ್ಬರನ್ನು ಮಣೆ ಮೇಲೆ ಕೂರಿಸಿ ಎರಡನೇ ಬಾರ್ ಹೊಂದಿಸಿ. ಪ್ರತಿ ಸೀನ್‌ನ ಲಕ್ಸ್ ಬರೆದುಕೊಳ್ಳಿ. ಆ ಹಾಳೆಯ ಒಂದು ಪ್ರತಿಯನ್ನು ಕಂಟ್ರೋಲ್ ರೂಮಿನ ಬಾಗಿಲ ಹಿಂದೆ ಲ್ಯಾಮಿನೇಟ್ ಮಾಡಿ ಅಂಟಿಸಿ. ಹಾಲ್ ನೋಡಿಕೊಳ್ಳುವ ಹುಡುಗನ ಕೈಯಲ್ಲೇ ಆರೂ ಗುಂಡಿ ಒತ್ತಿಸಿ.

ಅದಾದ ಮೇಲೆ ನಾನು ಹಾಲ್‌ನ ಕೊನೆಯ ಸಾಲಿಗೆ ಹೋಗಿ ಮೂಲೆಯ ಕುರ್ಚಿಯಲ್ಲಿ ಕೂರುತ್ತೇನೆ. ತಡವಾಗಿ ಬಂದ ನೆಂಟರು ಕೂರುವ ಕುರ್ಚಿ ಅದು. 'ಮುಹೂರ್ತ' ಒತ್ತಲು ಹೇಳುತ್ತೇನೆ. ಅಲ್ಲಿಂದ ಮಣೆ ಮೇಲೆ ಕೂತವರ ಕಣ್ಣು ಕಾಣಬೇಕು. ಕಾಣದಿದ್ದರೆ ಲಿಫ್ಟ್ ಮತ್ತೆ ಮೇಲೆ ಹೋಗುತ್ತದೆ.